ಕಿರುಬೆರಳಿನ ಅಳತೆ

“ಐದು ಕಣವ್ವ. ಈ ಸಂಕ್ರಾಂತಿಗೆ ಐದು ತುಂಬ್ತು,” ಎಂದಳು ಪಾಪಮ್ಮ.

“ಇಲ್ಲ ಸಿಸ್ಟರ್, ಏಳು!” ಎಂದಳು ಅವಳ ದೊಡ್ಡ ಮಗಳು ಲಿಂಗಿ.

ಆಸ್ಪತ್ರೆಯ ಸಿಸ್ಟರಮ್ಮನ ಪೆನ್ನು ಪುಸ್ತಕದ ಮೇಲೆ ನಿಂತುಬಿಟ್ಟಿತು. ಅವರು ತಾಯಿಯ ಮುಖ ನೋಡಿದರು, ಮಗಳ ಮುಖ ನೋಡಿದರು. “ಯಾವುದಾದ್ರೂ ಒಂದು ಹೇಳ್ರಮ್ಮ. ಮಗೂಗೆ ವಯಸ್ಸು ಐದೋ, ಏಳೋ?”

“ಅವ್ವಂಗೆ ಓದೋಕೆ ಬರಲ್ಲ ಸಿಸ್ಟರ್. ಸ್ಕೂಲ್ ರಿಜಿಸ್ಟರಲ್ಲಿ ಬರ್ದಿರೋ ಲೆಕ್ಕಕ್ಕೆ ಏಳು. ನಾನೇ ಕಣ್ಣಾರೆ ನೋಡಿದೀನಿ.”

ಹೆತ್ತವಳು ಪಾಪಮ್ಮ. ಕುರುಬರಹಳ್ಳಿಯ ಅವರ ಹೊಲದ ಅಂಚಿನಲ್ಲಿ ಹೊಸ ಸೈಟುಗಳಿಗೆ ಕಲ್ಲು ನೆಡುತ್ತಿದ್ದ ವರ್ಷ ಕಿರಿಮಗಳು ಬೋರಿ ಹುಟ್ಟಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಆದರೆ ರಿಜಿಸ್ಟರು ಎಂಬ ಮಾತು ಕೇಳಿದ ಮೇಲೆ ಅವಳ ಬಾಯಿ ಕಟ್ಟಿಹೋಯಿತು. ಬರೆದವರು ಹೆಡ್‌ಮಾಸ್ಟ್ರು. ಅವರಿಗಿಂತ ತನಗೆ ಹೆಚ್ಚು ಗೊತ್ತೇ?

“ಹಂಗಾರೆ ಏಳೇ ಇರ್ಬೇಕು ಕಣವ್ವ,” ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು.

ಸಿಸ್ಟರಮ್ಮ ‘ಏಳು’ ಎಂದು ಬರೆದುಕೊಂಡರು.

ಬೋರಿಗೆ ಇದ್ಯಾವುದೂ ಬೇಕಿರಲಿಲ್ಲ. ಅವಳ ಎಡಗೆನ್ನೆ ಬನ್ನಿನ ಹಾಗೆ ಊದಿತ್ತು. ಬಾಯಲ್ಲಿ ಬೆಲ್ಲದುಂಡೆ ಇಟ್ಟುಕೊಂಡೇ ನಿದ್ದೆ ಹೋಗುವ ಹುಡುಗಿ ಅದು. ಹಾಲುಹಲ್ಲುಗಳಲ್ಲಿ ಐದು ಹುಳುಕಾಗಿ, ಬೇರಿನ ಹತ್ತಿರ ಕೀವು ಕಟ್ಟಿ, ವಾರದಿಂದ ಮುದ್ದೆ ನುಂಗಲೂ ಆಗಿರಲಿಲ್ಲ. ಎಚ್ಚರ ಇರುವಾಗ ಐದು ಹಲ್ಲು ಕೀಳಲು ಯಾವ ಮಗು ಬಿಟ್ಟೀತು? ಮತ್ತಿನ ಔಷಧಿ ಕೊಟ್ಟು, ಮಲಗಿಸಿ, ಕೀಳಬೇಕು ಎಂದಿದ್ದರು ಡಾಕ್ಟರು. ಅದಕ್ಕೇ ಬೆಳಿಗ್ಗೆ ಎದ್ದು, ಬೋರಿಗೆ ಏನೂ ಕೊಡದೆ, ಜಟಕಾ ಹಿಡಿದು ಬಿನ್ನಿಪೇಟೆಯ ಆಚೆಗಿದ್ದ ಆ ಧರ್ಮಾಸ್ಪತ್ರೆಗೆ ಬಂದಿದ್ದರು.

ಐದು ವರ್ಷದ ಹುಡುಗಿಗೆ ಲಿಂಗಿ ಏಳು ಎಂದು ಹೇಳಿದ್ದಾದರೂ ಯಾಕೆ? ಅದನ್ನು ಹೇಳಬೇಕಾದರೆ ಹೋದ ಜೂನ್ ತಿಂಗಳಿಗೆ ಹೋಗಬೇಕು.

ಆಗ ಪಾಪಮ್ಮ ಬೆಳಕು ಹರಿಯುವ ಮೊದಲೇ ಸೊಪ್ಪಿನ ಬುಟ್ಟಿ ಹೊತ್ತು ಪೇಟೆಗೆ ಹೊರಡುತ್ತಿದ್ದಳು. ಅಪ್ಪ ಮಿಲ್ಲಿಗೆ. ತಾತ ತಿಮ್ಮಯ್ಯ ಕುರಿಗಳ ಹಿಂದೆ. ಬೋರಿಯನ್ನು ನೋಡಿಕೊಳ್ಳುತ್ತಿದ್ದ ಅಜ್ಜಿ ಆ ವರ್ಷ ತೀರಿಕೊಂಡಿದ್ದಳು.

“ಲಿಂಗಿ ಸ್ಕೂಲು ಬಿಡ್ಲಿ. ಹೆಣ್ಣುಮಗೀಗೆ ಮೂರನೇ ಕ್ಲಾಸು ಸಾಕು,” ಎಂದುಬಿಟ್ಟಿದ್ದ ಅಪ್ಪ.

ಲಿಂಗಿ ಎರಡು ದಿನ ತಟ್ಟೆ ಮುಟ್ಟಲಿಲ್ಲ. ಕ್ಲಾಸಿನಲ್ಲಿ ಎಲ್ಲರಿಗಿಂತ ಮೊದಲು ಮಗ್ಗಿ ಒಪ್ಪಿಸುತ್ತಿದ್ದವಳು ಅವಳು. ತಾತ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡ.

“ಅಳ್ಬೇಡ ಸುಮ್ಕಿರು. ಬೋರೀನೂ ಸ್ಕೂಲಿಗೆ ಹಾಕ್ಬುಡಾಣ. ಇಬ್ರೂ ಒಟ್ಟಿಗೆ ಹೋಗಿ, ಒಟ್ಟಿಗೆ ಬನ್ನಿ.”

ಹುಟ್ಟಿದ ತಾರೀಖಿನ ಕಾಗದ ಆಗ ಹಳ್ಳಿಯ ಮಕ್ಕಳಿಗೆ ಎಲ್ಲಿಂದ ಬರಬೇಕು? ಹೆಡ್‌ಮಾಸ್ಟರ್ ಗುರುಸಿದ್ದಯ್ಯನವರು ವಯಸ್ಸು ತಿಳಿಯಲು ಬೇರೆಯೇ ಅಳತೆ ಇಟ್ಟುಕೊಂಡಿದ್ದರು. ಮಗು ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಆರು ತುಂಬಿದೆ ಎಂದು ಅರ್ಥ. ಮುಟ್ಟದಿದ್ದರೆ ಬೆಳೆದುಕೊಂಡು ಬಾ ಎಂದು ಅರ್ಥ.

ನಾಲ್ಕು ತುಂಬಿದ್ದ ಬೋರಿಯ ಕೈ ಕೂದಲಲ್ಲೇ ನಿಂತುಹೋಯಿತು. ಕಿವಿ ಇನ್ನೂ ಎಲ್ಲೋ ಕೆಳಗಿತ್ತು. ಮೇಷ್ಟ್ರು ಪೆನ್ನನ್ನು ಇಂಕಿನಲ್ಲಿ ಅದ್ದಲು ಬಗ್ಗಿದರು ನೋಡಿ, ಅಷ್ಟೇ ಹೊತ್ತು ಸಾಕಾಯಿತು. ಪಕ್ಕದಲ್ಲಿದ್ದ ಲಿಂಗಿ ತಂಗಿಯ ಮೊಣಕೈಯನ್ನು ಒತ್ತಿ ತಳ್ಳಿ, ತಲೆಯನ್ನೂ ಒಂದಿಷ್ಟು ವಾಲಿಸಿಬಿಟ್ಟಳು. ಬೆರಳು ಕಿವಿಗೆ ತಗುಲಿತು.

“ಭೇಷ್! ಮುಟ್ತಲ್ಲ,” ಎಂದರು ಮೇಷ್ಟ್ರು. ಸಂಕ್ರಾಂತಿಯ ತಾರೀಖು ಹಾಕಿ ಆರು ತುಂಬಿದೆ ಎಂದು ಬರೆದೂಬಿಟ್ಟರು.

ಜೊತೆಗೆ ಬಂದಿದ್ದ ತಾತ ಮೀಸೆಯೊಳಗೇ ನಕ್ಕ. ದಾರಿಯಲ್ಲಿ ಮಾತ್ರ ಗಂಟಲು ತಗ್ಗಿಸಿ ಹೇಳಿದ: “ಯಾರು ಕೇಳಿದ್ರೂ ರಿಜಿಸ್ಟರಲ್ಲಿರೋದ್ನೇ ಹೇಳ್ಬೇಕು ಕಣವ್ವ. ನಿಜ ಗೊತ್ತಾದ್ರೆ ಇಬ್ರನ್ನೂ ಸ್ಕೂಲಿಂದ ಆಚೆಗೆ ಹಾಕ್ತಾರೆ.”

ಲಿಂಗಿ ಆ ಮಾತನ್ನು ಮಗ್ಗಿಗಿಂತ ಗಟ್ಟಿಯಾಗಿ ಕಲಿತಳು. ಆಸ್ಪತ್ರೆಯ ಮೇಜಿನ ಮೇಲೆ ಅಂಥದೇ ದಪ್ಪ ಪುಸ್ತಕ ಕಂಡಾಗ ಅವಳ ಬಾಯಿಂದ ತಾನಾಗಿಯೇ ಏಳು ಬಂದಿತ್ತು.

ಸ್ವಲ್ಪ ಹೊತ್ತಿಗೆ ಕನ್ನಡಕದ ಡಾಕ್ಟರೊಬ್ಬರು ಬಂದು ಬೋರಿಯ ಮಂಚದ ಮೇಲೇ ಕುಳಿತರು. ಅವರು ಡಾಕ್ಟರ್ ಸತ್ಯವತಿ. ಹಲ್ಲು ಕೀಳುವ ಡಾಕ್ಟರು ಬೇರೆ ಇದ್ದರು. ಇವರು ಮತ್ತಿನ ಔಷಧಿ ಕೊಟ್ಟು, ಮಲಗಿದ ಮಗು ಸರಿಯಾಗಿ ಉಸಿರಾಡುವಂತೆ ನೋಡಿಕೊಳ್ಳುವವರು.

“ಏನಮ್ಮ ನಿನ್ನ ಹೆಸರು?”

“ಬೋರಮ್ಮಾ!”

ಆಚೆ ಮಂಚದಲ್ಲಿ ಮಲಗಿದ್ದವರು ಎದ್ದು ಕುಳಿತರು. ಕೆನ್ನೆ ಊದಿದ್ದರೂ ಬೋರಿಯ ಗಂಟಲಿಗೆ ಏನೂ ಆಗಿರಲಿಲ್ಲ. ಕೆರೆಯ ಏರಿಯ ಮೇಲೆ ನಿಂತು ಅವಳು “ಅಕ್ಕಾ...” ಎಂದರೆ ಮನೆಯೊಳಗಿದ್ದ ಲಿಂಗಿಗೆ ಕೇಳುತ್ತಿತ್ತು. ಇವಳೊಬ್ಬಳಿದ್ದರೆ ಮಿಲ್ಲಿಗೆ ಸೈರನ್ನೇ ಬೇಡ ಎಂದು ತಾತ ನಗುತ್ತಿದ್ದ.

“ಅಬ್ಬಬ್ಬಾ! ಇಷ್ಟು ಸಣ್ಣ ಗಂಟಲಲ್ಲಿ ಅಷ್ಟೊಂದು ಶಬ್ದಾನಾ?” ಎಂದು ಡಾಕ್ಟರು ನಕ್ಕರು. ಅವರ ಕೈಯಲ್ಲಿದ್ದ ಟ್ರೇಯಲ್ಲಿ ಕೆಂಪು ರಬ್ಬರಿನ ಕೊಳವೆಗಳು ಸಾಲಾಗಿ ಮಲಗಿದ್ದವು. ಒಂದು ತೀರ ಸಪೂರ, ಇನ್ನೊಂದು ಅದಕ್ಕಿಂತ ದಪ್ಪ, ಮತ್ತೊಂದು ಇನ್ನೂ ದಪ್ಪ.

ಲಿಂಗಿಗೆ ಸುಮ್ಮನಿರಲು ಬರುತ್ತದೆಯೇ? “ಇವೆಲ್ಲ ಯಾಕೆ ಡಾಕ್ಟ್ರೇ?” ಎಂದಳು.

“ಹಲ್ಲು ಕೀಳೋವಾಗ ಬಾಯಲ್ಲೆಲ್ಲ ರಕ್ತ ಬರುತ್ತೆ, ಅಲ್ವಾ? ಮತ್ತಲ್ಲಿರೋ ಮಗು ಕೆಮ್ಮಿ ಉಗಿಯಲ್ಲ. ರಕ್ತ ಉಸಿರಿನ ದಾರಿಗೆ ಇಳಿದ್ರೆ ಕಷ್ಟ. ಅದಕ್ಕೆ ಮೂಗಿನಿಂದ ಈ ಕೊಳವೆ ಹಾಕಿ, ಗಾಳಿ ಹೋಗೋಕೆ ಬೇರೆ ದಾರಿ ಮಾಡ್ತೀವಿ.”

“ಇಷ್ಟೊಂದು ಯಾಕೆ? ಒಂದು ಸಾಲ್ದಾ?”

“ನಿನ್ನ ಬಳೆ ಬೋರಮ್ಮನ ಕೈಗೆ ಆಗುತ್ತಾ? ಹಂಗೇ ಇದೂನೂ. ಕೊಳವೆ ಸಣ್ಣದಾದ್ರೆ ಗಾಳಿ ಸಾಲಲ್ಲ. ದಪ್ಪ ಆದ್ರೆ ಗಂಟಲು ಉಜ್ಜಿ ಊದಿಕೊಳ್ಳುತ್ತೆ. ಉದ್ದಾನೂ ಸರಿಯಾಗಿರ್ಬೇಕು. ಮೇಲೇ ನಿಂತ್ರೆ ಜಾರಿ ಬಂದುಬಿಡುತ್ತೆ. ಜಾಸ್ತಿ ಒಳಗೆ ಹೋದ್ರೆ ಎದೆಯ ಒಂದೇ ಪಕ್ಕಕ್ಕೆ ಗಾಳಿ ಹೋಗುತ್ತೆ, ಇನ್ನೊಂದು ಪಕ್ಕ ಖಾಲಿ.”

“ಯಾರ್ಗೆ ಎಷ್ಟು ಅಂತ ನಿಮಗೆ ಹೆಂಗೆ ಗೊತ್ತಾಗುತ್ತೆ?”

ಡಾಕ್ಟರು ಕೋಟಿನ ಜೇಬಿನಿಂದ ಮಡಿಸಿದ ಒಂದು ಹಾಳೆ ತೆಗೆದು ತೋರಿಸಿದರು. ಇಂಗ್ಲಿಷ್ ಅಕ್ಷರ ಲಿಂಗಿಗೆ ತಿಳಿಯಲಿಲ್ಲ, ಅಂಕಿಗಳು ತಿಳಿದವು. “ಇದು ಪಟ್ಟಿ. ಇಷ್ಟು ವಯಸ್ಸಿಗೆ ಇಷ್ಟು ದಪ್ಪ, ಇಷ್ಟು ಉದ್ದ. ಬೋರಮ್ಮಂಗೆ ಏಳು ಅಲ್ವಾ? ಹಾಗಾದ್ರೆ ಇದು.”

ಲಿಂಗಿ ಆ ಕೊಳವೆಯನ್ನೂ ಬೋರಿಯ ಮೂಗನ್ನೂ ನೋಡಿದಳು.

ಈಗಲೇ ಹೇಳಬೇಕು ಎಂದುಕೊಂಡಳು. ಆದರೆ ಹೇಳುವುದು ಹೇಗೆ? ಈಗಷ್ಟೇ ಅವ್ವನ ಬಾಯಿ ಮುಚ್ಚಿಸಿ ಏಳು ಎಂದವಳು ತಾನೇ ಅಲ್ಲವೇ? ಸಿಸ್ಟರಮ್ಮ ಏನನ್ನುತ್ತಾರೆ? ಮೇಷ್ಟ್ರಿಗೆ ಕಾಗದ ಬರೆದರೆ?

“ಡಾಕ್ಟ್ರೇ... ಒಂಚೂರು ಹೆಚ್ಚುಕಮ್ಮಿ ಆದ್ರೆ?”

“ಆಗಬಾರದು ಅಂತಾನೇ ವಯಸ್ಸು ಕೇಳಿ ಬರ್ಕೊಳ್ಳೋದು, ಜಾಣೆ! ಉಸಿರಿನ ದಾರಿ ಹೆಚ್ಚುಕಮ್ಮಿ ಕಿರುಬೆರಳಷ್ಟೇ ದಪ್ಪ ಇರುತ್ತೆ, ಅದನ್ನೂ ನೋಡ್ತೀವಿ.” ಡಾಕ್ಟರು ಬೋರಿಯ ಕಿರುಬೆರಳನ್ನು ಬಿಡಿಸಿ, ಕೈಯಲ್ಲಿದ್ದ ಕೊಳವೆಯ ಪಕ್ಕಕ್ಕೆ ಹಿಡಿದರು. ಅವರ ಹುಬ್ಬು ಗಂಟಾಯಿತು. “ಏನಿದು, ಬೆರಳು ತುಂಬ ಸಣ್ಣಗಿದೆಯಲ್ಲ. ಏಳು ವರ್ಷದ ಬೆರಳಿನ ಹಾಗಿಲ್ಲ.”

ಪಾಪಮ್ಮ ಲಿಂಗಿಯ ಮುಖ ನೋಡಿದಳು. ಲಿಂಗಿ ನೆಲ ನೋಡಿದಳು.

“ಮೊದ್ಲಿಂದ್ಲೂ ಸಣಕಲು ಕಣವ್ವ. ಈಗ ವಾರದಿಂದ ಹೊಟ್ಟೆಗೂ ಇಲ್ಲ,” ಎಂದಳು ಪಾಪಮ್ಮ.

ಡಾಕ್ಟರು ಇನ್ನೊಂದು ಗಳಿಗೆ ಬೆರಳನ್ನೇ ನೋಡಿದರು. ಅಷ್ಟರಲ್ಲಿ ಬಾಗಿಲಿನಿಂದ ಯಾರೋ ಕರೆದರು, ಟೈಮಾಯಿತು ಎಂದು. ಅವರು ಪಟ್ಟಿ ನೋಡಿ, ಏಳರ ಕೊಳವೆಯ ಮೇಲೆ ಇಂಕಿನಿಂದ ಒಂದು ಗೆರೆ ಎಳೆದರು. ಅಲ್ಲಿಯವರೆಗೆ ಅದು ಒಳಗೆ ಹೋಗಬೇಕು.

ಬೋರಿಯನ್ನು ಎತ್ತಿಕೊಂಡು ಹೊರಟಾಗ ಅವಳು ಸಿಸ್ಟರಮ್ಮನ ಹೆಗಲ ಮೇಲಿಂದ ಕೂಗಿದಳು: “ಅಕ್ಕಾ, ನನ್ನ ಹಲ್ಲು ನಂಗೇ ಬೇಕು ಕಣೇ! ಇಲಿ ಬಿಲಕ್ಕೆ ಹಾಕಿ ಹೊಸ ಹಲ್ಲು ಕೇಳ್ಬೇಕು!”

ಇಡೀ ವಾರ್ಡು ನಕ್ಕಿತು. ಲಿಂಗಿಗೆ ಮಾತ್ರ ನಗು ಬರಲಿಲ್ಲ. ಬಾಗಿಲು ಮುಚ್ಚುವವರೆಗೂ ‘ಐದು, ಐದು’ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಬಾಗಿಲು ಮುಚ್ಚಿತು.

ಒಂದು ಗಂಟೆ ಕಳೆದ ಮೇಲೆ ಬೋರಿಯನ್ನು ಎತ್ತಿ ತಂದು ಮಲಗಿಸಿದರು. ಐದು ಹಲ್ಲೂ ಕಿತ್ತು ಬಂದಿದ್ದವು. ಸಿಸ್ಟರಮ್ಮ ಹತ್ತಿಯಲ್ಲಿ ಸುತ್ತಿ ಕೊಟ್ಟರು. ಪಾಪಮ್ಮ ಊರ ದೇವರಿಗೆಲ್ಲ ಕೈಮುಗಿದಳು. ಲಿಂಗಿಗೂ ಹೋದ ಜೀವ ಬಂದಂತಾಯಿತು. ನೋಡಿದೆಯಾ, ಏನೂ ಆಗಲಿಲ್ಲ, ಸುಮ್ಮನೆ ಹೆದರಿದೆ ಎಂದು ತನ್ನನ್ನೇ ಬೈದುಕೊಂಡಳು.

ಆಮೇಲೆ ಬೋರಿ ಕೆಮ್ಮಿದಳು.

ಅದು ನೆಗಡಿಯ ಕೆಮ್ಮಲ್ಲ. ನಾಯಿ ಬೊಗಳಿದ ಹಾಗಿತ್ತು. ಉಸಿರು ಎಳೆದುಕೊಂಡಾಗಲೆಲ್ಲ ಗಂಟಲಲ್ಲಿ ಕೊರ್ ಕೊರ್ ಎಂಬ ಸದ್ದು. ಒಂದೊಂದು ಉಸಿರಿಗೂ ಕತ್ತಿನ ಬುಡದಲ್ಲಿ ಗುಳಿ ಬೀಳುತ್ತಿತ್ತು. ಬೋರಿ ಕಣ್ಣುಬಿಟ್ಟು ಅಕ್ಕನನ್ನು ನೋಡಿ ಬಾಯಿ ತೆರೆದಳು. ಮಾತು ಬರಲಿಲ್ಲ. ಅಷ್ಟು ದೊಡ್ಡ ಗಂಟಲಿನ ಹುಡುಗಿಯ ಬಾಯಿಂದ ಬರೀ ಗಾಳಿ ಬಂತು.

“ಅಯ್ಯೋ, ನನ್ನ ಮಗೀಗೇನಾಯ್ತು!” ಎಂದು ಪಾಪಮ್ಮ ಎದೆ ಬಡಿದುಕೊಂಡಳು.

ಡಾಕ್ಟರ್ ಸತ್ಯವತಿ ಓಡಿಬಂದರು. ಬೋರಿಯ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಆ ಪಕ್ಕ ಕೇಳಿದರು, ಈ ಪಕ್ಕ ಕೇಳಿದರು. “ಗಂಟಲೊಳಗೆ ಊದಿಕೊಂಡಿದೆ. ಹಬೆ ತನ್ನಿ. ಆಕ್ಸಿಜನ್ ತನ್ನಿ,” ಎಂದರು. ಮಂಚದ ಸುತ್ತ ಬೆಡ್‌ಶೀಟು ಕಟ್ಟಿ ಗುಡಾರದ ಹಾಗೆ ಮಾಡಿದರು. ಕುದಿಯುವ ಕೆಟಲ್ಲಿನ ಹಬೆಯನ್ನು ಅದರೊಳಗೆ ಬಿಟ್ಟರು. ಕೊರ್ ಕೊರ್ ನಿಲ್ಲಲಿಲ್ಲ.

ಡಾಕ್ಟರು ಸಿಸ್ಟರಮ್ಮನಿಗೆ ಮೆಲ್ಲಗೆ ಹೇಳಿದ್ದು ಲಿಂಗಿಯ ಕಿವಿಗೆ ಬಿತ್ತು. “ಇದು ಇಳೀದಿದ್ರೆ ಮತ್ತೆ ಕೊಳವೆ ಹಾಕ್ಬೇಕಾಗುತ್ತೆ. ಟ್ರೇ ರೆಡಿ ಇರ್ಲಿ. ಏಳು ವರ್ಷದ್ದಕ್ಕಿಂತ ಒಂದು ನಂಬರ್ ಕಡಿಮೆ ಸಾಕು.”

ಸಿಸ್ಟರಮ್ಮ ಟ್ರೇಯಿಂದ ಒಂದು ಕೊಳವೆ ಎತ್ತಿದರು. ಈ ಸಲವೂ ಏಳರ ಲೆಕ್ಕವೇ! ಈ ಸಲವೂ ಅದು ದಪ್ಪವಾದರೆ?

ಮೇಷ್ಟ್ರು, ರಿಜಿಸ್ಟರು, ಸ್ಕೂಲು ಎಲ್ಲ ಎಲ್ಲಿಗೋ ಹೋಯಿತು. ಲಿಂಗಿ ಡಾಕ್ಟರ ಕೋಟನ್ನು ಹಿಡಿದು ಜಗ್ಗಿದಳು.

“ಐದು ಡಾಕ್ಟ್ರೇ! ಏಳಲ್ಲ, ಐದು! ಅವ್ವ ಹೇಳಿದ್ದೇ ನಿಜ. ನಾನೇ ಸುಳ್ಳು ಹೇಳ್ದೆ. ಕಿವಿ ಮುಟ್ಟಲೇ ಇಲ್ಲ ಅವಳು, ನಾನೇ ಕೈ ತಳ್ದೆ. ನಾನು ಸ್ಕೂಲಿಗೆ ಹೋಗ್ಬೇಕಿತ್ತು, ಅದಕ್ಕೇ...” ಆಮೇಲಿನದು ಅಳುವಿನಲ್ಲಿ ಕೊಚ್ಚಿಹೋಯಿತು.

ಡಾಕ್ಟರು ಸಿಸ್ಟರಮ್ಮನ ಕೈಯಲ್ಲಿದ್ದ ಕೊಳವೆಯನ್ನು ತೆಗೆದು ಟ್ರೇಯಲ್ಲಿಟ್ಟರು. ಬೋರಿಯ ಕಿರುಬೆರಳನ್ನು ಮತ್ತೆ ಹಿಡಿದು ನೋಡಿದರು. ಆ ಬೆರಳಿಗಿಂತ ಸಪೂರವಾದ ಬೇರೊಂದು ಕೊಳವೆಯನ್ನು ಆರಿಸಿದರು. ಅದರ ಮೇಲೆ ಹೊಸ ಗೆರೆ ಎಳೆದು, ಮೊದಲಿನದಕ್ಕಿಂತ ಮೋಟಾಗಿ ಕತ್ತರಿಸಿ, ಬಟ್ಟೆಯಲ್ಲಿ ಮುಚ್ಚಿ ಪಕ್ಕದಲ್ಲಿಟ್ಟುಕೊಂಡರು. ಆಮೇಲೆ ಮಂಚದ ಬಳಿ ಸ್ಟೂಲು ಎಳೆದುಕೊಂಡು ಕುಳಿತರು. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ.

ಅವ್ವ ಲಿಂಗಿಗೆ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. “ನಾನು ಹೆತ್ತವ್ಳಲ್ವೇನೇ, ನಂಗೆ ಗೊತ್ತಿರ್ಲಿಲ್ವೇನೇ,” ಎಂದಷ್ಟೇ ಹೇಳಿ ಗೋಡೆಗೆ ತಿರುಗಿ ಕುಳಿತಳು. ಓದು ಬಲ್ಲೆ ಎಂದು ಲಿಂಗಿ ಎಷ್ಟು ಜಂಬದಿಂದ ಅವ್ವನ ಮಾತು ಕಡಿದಿದ್ದಳು!

ಇಳಿಹೊತ್ತಿಗೆ ಕೊರ್ ಕೊರ್ ಸ್ವಲ್ಪ ಸ್ವಲ್ಪವೇ ಇಳಿಯಿತು. ಕತ್ತಿನ ಗುಳಿ ಕಾಣದಾಯಿತು. ಬೋರಿ ಹಬೆಯಲ್ಲಿ ಬೆವೆತು ನಿದ್ದೆ ಹೋದಳು. ಬಟ್ಟೆಯಲ್ಲಿ ಮುಚ್ಚಿಟ್ಟಿದ್ದ ಕೊಳವೆ ಬೇಕಾಗಲಿಲ್ಲ.

ಲಿಂಗಿ ಜಗಲಿಯ ಕಂಬಕ್ಕೆ ಒರಗಿ ಕುಳಿತಿದ್ದಳು. ಡಾಕ್ಟರು ಬಂದು ಪಕ್ಕದಲ್ಲಿ ಕುಳಿತರು. ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

“ಬಯ್ಯಿರಿ ಡಾಕ್ಟ್ರೇ,” ಎಂದಳು ಲಿಂಗಿ.

“ಬಯ್ಯೋಣ ಅಂತಾನೇ ಬಂದೆ. ಆಮೇಲೆ ಯಾರನ್ನ ಬಯ್ಯೋದು ಅಂತ ಗೊತ್ತಾಗಲಿಲ್ಲ.” ಅವರು ಕೋಟಿನ ಅಂಚಿನಿಂದ ಕನ್ನಡಕ ಒರೆಸಿದರು. “ಆ ಬೆರಳು ನೋಡಿದಾಗಲೇ ನಂಗೆ ಅನುಮಾನ ಬಂದಿತ್ತು. ಕೊಳವೆ ಹಾಕೋವಾಗಲೂ ಬಿಗಿ ಅನ್ನಿಸ್ತು. ಎದೆಯ ಒಂದು ಪಕ್ಕ ಏಳ್ತಾನೇ ಇರ್ಲಿಲ್ಲ, ಒಂದು ಬೆರಳಷ್ಟು ಹಿಂದಕ್ಕೆ ಎಳೆದೆ. ಆಗಲೇ ಅದನ್ನ ತೆಗೆದು ಸಣ್ಣದು ಹಾಕಬೇಕಿತ್ತು. ಪಟ್ಟೀಲಿ ಇದೆಯಲ್ಲ ಅಂತ ಸುಮ್ಮನಾದೆ. ಮಗು ಎದುರಿಗೇ ಇತ್ತು, ನಾನು ಹಾಳೆ ನೋಡಿದೆ.”

ದೊಡ್ಡವರು ಹೀಗೂ ಮಾತಾಡುತ್ತಾರೆ ಎಂದು ಲಿಂಗಿಗೆ ಗೊತ್ತಿರಲಿಲ್ಲ. ಅವಳ ಅಳು ಇನ್ನಷ್ಟು ಹೆಚ್ಚಾಯಿತು.

“ಬೋರಿ ಕೂಗ್ತಾಳಾ ಡಾಕ್ಟ್ರೇ? ಮೊದಲಿನ ಥರ?”

“ಉಸಿರಿಗೆ ಇನ್ನೇನೂ ಭಯ ಇಲ್ಲ. ಗಂಟಲು...” ಡಾಕ್ಟರು ಕನ್ನಡಕ ಹಾಕಿಕೊಂಡರು. “ಒಂದು ತಿಂಗಳು ಕೂಗೋಕೆ ಬಿಡಬೇಡ. ಪಿಸುಮಾತೂ ಬೇಡ. ಆಮೇಲೆ ನೋಡೋಣ.”

ಆ ತಿಂಗಳು ಲಿಂಗಿ ಸ್ಕೂಲಿಗೆ ಹೋಗಲಿಲ್ಲ. ಯಾರೂ ಬಿಡಿಸಲಿಲ್ಲ, ಅವಳೇ ಉಳಿದಳು. ಬೋರಿಗೆ ಸ್ಲೇಟು ಬಳಪ ಕೊಟ್ಟು, ಏನು ಬೇಕಾದರೂ ಚಿತ್ರ ಬರೆದು ಕೇಳು ಎಂದಳು. ಬೋರಿ ಮುದ್ದೆಗೆ ಒಂದು ಸೊನ್ನೆ ಬರೆಯುತ್ತಿದ್ದಳು, ಬೆಲ್ಲಕ್ಕೂ ಸೊನ್ನೆಯನ್ನೇ ಬರೆಯುತ್ತಿದ್ದಳು. ಮನೆ ಮಾತ್ರ ಎಂದೂ ಇಲ್ಲದಷ್ಟು ಮೌನವಾಗಿತ್ತು. ಸಂಜೆ ಕುರಿ ಹೊಡೆದುಕೊಂಡು ಬಂದ ತಾತ ಏರಿಯ ಕಡೆ ನೋಡಿ ನಿಂತುಬಿಡುತ್ತಿದ್ದ. ಅವನೀಗ ಮೀಸೆಯೊಳಗೆ ನಗುತ್ತಿರಲಿಲ್ಲ.

ತಿಂಗಳು ಕಳೆದ ಮೇಲೆ ಬೋರಿ ಏರಿ ಹತ್ತಿ “ಅಕ್ಕಾ” ಎಂದಳು. ಒಡಕು ದನಿ. ಬಾವಿಯ ಹಳೆ ರಾಟೆಯ ಹಾಗೆ ಕಿರ್ ಎಂದಿತು. ಅಂಗಳದವರೆಗೂ ಬರಲಿಲ್ಲ. ಲಿಂಗಿ ಬಾಗಿಲಲ್ಲೇ ನಿಂತು ಕಾಯುತ್ತಿದ್ದುದರಿಂದ ತಂಗಿಯ ಬಾಯಿ ಅಲ್ಲಾಡಿದ್ದು ಕಂಡು ಓಡಿದಳು.

ಮರುದಿನ ಅವಳೇ ಗುರುಸಿದ್ದಯ್ಯ ಮೇಷ್ಟ್ರ ಮುಂದೆ ಹೋಗಿ ನಿಂತು ಎಲ್ಲ ಹೇಳಿದಳು. ಮೇಷ್ಟ್ರು ರಿಜಿಸ್ಟರು ಬಿಡಿಸಿದರು. ಆಮೇಲೆ ಬೋರಿಯ ಹೆಸರಿನ ಮೇಲೆ ಕೆಂಪು ಗೆರೆ ಎಳೆದರು. “ಜೂನ್‌ನಲ್ಲಿ ಕರ್ಕೊಂಡು ಬಾ. ಮತ್ತೆ ಅಳೀತೀನಿ. ನೀನು ಹೋಗಿ ನಿನ್ನ ಕ್ಲಾಸಲ್ಲಿ ಕೂತ್ಕೋ,” ಎಂದರು. ಬೋರಿಯನ್ನು ಕುರಿಗಳ ಜೊತೆ ತಾನೇ ಕರೆದುಕೊಂಡು ಹೋಗುತ್ತೇನೆಂದು ತಾತ ಹೇಳಿದ. ಮೊದಲೇ ಹಾಗೆ ಹೇಳಿದ್ದರೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಜೂನ್ ಬಂತು. ಸ್ಕೂಲಿನ ಜಗಲಿಯಲ್ಲಿ ಹೊಸ ಮಕ್ಕಳ ಸಾಲು. ಬೋರಿ ಎಣ್ಣೆ ಹಚ್ಚಿ ಬಾಚಿದ ತಲೆಯ ಮೇಲಿಂದ ಬಲಗೈ ಹಾಯಿಸಿದಳು. ಈ ಸಲ ಬೆರಳು ಕೂದಲು ದಾಟಿ ಕೆಳಗಿಳಿಯಿತು. ಕಿವಿಗೆ ಇನ್ನು ಅರ್ಧ ಬೆರಳಷ್ಟು ದೂರ.

ಮೇಷ್ಟ್ರು ಇಂಕಿನ ಕುಡಿಕೆಯ ಕಡೆ ಬಗ್ಗಿದರು.

ಬೋರಿ ಓರೆಗಣ್ಣಿಂದ ಅಕ್ಕನನ್ನು ನೋಡಿದಳು. “ಅಕ್ಕಾ,” ಎಂದಳು ಆ ಒಡಕು ದನಿಯಲ್ಲಿ, “ಒಂಚೂರು ತಳ್ಳೇ.”

ಲಿಂಗಿ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

“ಮುಟ್ಲಿಲ್ಲ ಸಾರ್,” ಎಂದಳು.

ಮೇಷ್ಟ್ರು ತಲೆ ಎತ್ತಿ ನೋಡಿ, ಪೆನ್ನು ಕೆಳಗಿಟ್ಟರು. ಬೋರಿಯ ಕಣ್ಣಲ್ಲಿ ನೀರು ತುಂಬಿತು. ಲಿಂಗಿ ಮುಂದೆ ಬಂದು, ತಂಗಿಯ ತಲೆಯ ಮೇಲಿದ್ದ ಕೈಯನ್ನು ಮೆಲ್ಲಗೆ ಇಳಿಸಿ ತನ್ನ ಕೈಯಲ್ಲಿ ಹಿಡಿದುಕೊಂಡಳು. ಗೇಟು ದಾಟುವಾಗ ಬೋರಿಯ ಕಿರುಬೆರಳು ಅವಳ ಅಂಗೈಗೆ ತಗುಲಿತು. ದಿನಾ ಹಿಡಿದ ಕೈಯೇ ಅದು. ಆ ಬೆರಳು ಎಷ್ಟು ಸಣ್ಣದೆಂದು ಲಿಂಗಿ ಈಗ ನೋಡಿದಳು.